ನಿಚ್ನಾಯಿಯಲ್ಲಿ ಮೈ, ವಿಷನ್‌ಸರ್‌ನಲ್ಲಿ ಮುಗಿಲು: ಕಾಶ್ಮೀರದ ಸರೋವರ ಚಾರಣಕ್ಕೆ ಹಾಕಿದ ಒಂದು ಯೋಜನೆಯ ಪ್ರಕರಣ ಅಧ್ಯಯನ

ಬೆಂಗಳೂರಿನಿಂದ ಹೊರಡುವವರು ನಾಲ್ವರು. ಹಿರಿಯರಿಗೆ ನಲವತ್ತೇಳು ವರ್ಷ, ದಿನಾ ಬೆಳಿಗ್ಗೆ ಬಿಪಿ ಗುಳಿಗೆ ನುಂಗುತ್ತಾರೆ. ಇಬ್ಬರು ಮೂವತ್ತರ ಆಸುಪಾಸಿನವರು, ವಾರಾಂತ್ಯ ಬಂತೆಂದರೆ ಸಾವನದುರ್ಗ, ಸ್ಕಂದಗಿರಿ ಎಂದು ಹೊರಡುವವರು. ನಾಲ್ಕನೆಯವಳು 52 ಕೆಜಿ ತೂಗುವ ಯುವತಿ. ನಾಲ್ವರಲ್ಲಿ ಗಟ್ಟಿ ಕಾಲು ಅವಳದೇ. ಕುದುರೆಯಿಲ್ಲ, ಅಡುಗೆಯವನಿಲ್ಲ, ಎಲ್ಲವನ್ನೂ ಬೆನ್ನಿಗೆ ಹಾಕಿಕೊಂಡು ಕಾಶ್ಮೀರದ ಎತ್ತರದ ಸರೋವರಗಳ ದಾರಿಯನ್ನು ಮುಗಿಸಬೇಕೆಂಬುದು ಇವರ ಆಸೆ. ತಂಡ ಲೆಕ್ಕಕ್ಕೆಂದು ಕಟ್ಟಿಕೊಂಡದ್ದು. ದಾರಿ, ಎತ್ತರ, ಪಂಚಾಂಗ ನಿಜವಾದವು. ಮೊದಲ ಯೋಜನೆಯಲ್ಲಿರುವ ತಪ್ಪುಗಳೂ ನಿಜವಾದವೇ. ಇಂಥ ತಂಡಗಳ ಎಕ್ಸೆಲ್ ಹಾಳೆಯಲ್ಲಿ ಅವು ಮತ್ತೆ ಮತ್ತೆ ಸಿಗುತ್ತವೆ.

ದಾರಿ ಹೇಗಿದೆ

ಸೋನಮಾರ್ಗದ ಪಕ್ಕದ ಶಿತ್ಕಡಿಯಲ್ಲಿ ಹತ್ತಲು ಶುರುವಾಗಿ ನಾರಾನಾಗ್‌ನಲ್ಲಿ ಇಳಿದು ಮುಗಿಯುವ ಸುಮಾರು 70 ಕಿಲೋಮೀಟರ್ ದಾರಿ ಇದು. ನಡುವೆ ಮೂರು ಕಣಿವೆಬಾಗಿಲು, ಚಾರಣಿಗರ ಬಾಯಲ್ಲಿ ಪಾಸ್. ಮೊದಲು ಸುಮಾರು 4,080 ಮೀಟರಿನ ನಿಚ್ನಾಯಿ, ಆಮೇಲೆ 4,200ರ ಗಡ್‌ಸರ್, ಕೊನೆಗೆ 4,050ರ ಆಸುಪಾಸಿನ ಝಾಜ್. ಇವುಗಳ ನಡುನಡುವೆ ಸರೋವರಗಳು ಕೂತಿವೆ: ವಿಷನ್‌ಸರ್, ಕಿಷನ್‌ಸರ್, ಯಮ್‌ಸರ್, ಗಡ್‌ಸರ್, ಸತ್‌ಸರ್, ಕೊನೆಯಲ್ಲಿ ಹರಮುಖ ಶಿಖರದ ಬುಡದಲ್ಲಿ ಗಂಗಾಬಲ್ ಮತ್ತು ನುಂದ್‌ಕೋಲ್. 'ಸರ್' ಎಂದರೆ ನಮ್ಮ ಸರಸ್ಸೇ. ಕಾಶ್ಮೀರಿಯಲ್ಲಿ 'ಗಾಡ್' ಎಂದರೆ ಮೀನು. ಗಡ್‌ಸರ್ ಮೀನಿನ ಕೆರೆ.

ನಕ್ಷೆಯಲ್ಲಿ ನೋಡಬೇಕಾದದ್ದು ಸರೋವರಗಳನ್ನಲ್ಲ, ನೀರು ಹರಿಯುವ ದಿಕ್ಕನ್ನು. ಕಿಷನ್‌ಸರ್ ತುಂಬಿ ವಿಷನ್‌ಸರ್‌ಗೆ ಬೀಳುತ್ತದೆ, ಅಲ್ಲಿಂದ ಹೊರಟ ನೀರು ಕಿಷನ್‌ಗಂಗಾ ನದಿಯಾಗಿ ಗಡಿಯ ಕಡೆಗೆ ಹೋಗುತ್ತದೆ. ಗಡ್‌ಸರ್ ನೀರೂ ಅತ್ತಲೇ. ಎಂದರೆ ನಿಚ್ನಾಯಿ ಪಾಸ್ ದಾಟಿದ ಮೇಲೆ ನೀರಿನ ಜೊತೆ ಕೆಳಗಿಳಿದರೆ ಮನೆ ಕಡೆಗೆ ಬರುವುದಿಲ್ಲ, ಗಡಿ ಕಡೆಗೆ ಹೋಗುತ್ತೀರಿ. ಆ ಕಣಿವೆಯನ್ನು ತಪ್ಪಿಸಿಕೊಳ್ಳುವ ದಾರಿ ಎಂದು ಯೋಜನೆಯಲ್ಲಿ ಬರೆಯುವ ಹಾಗಿಲ್ಲ. ವಿಷನ್‌ಸರ್ ಶಿಬಿರ ಇರುವುದು ಸುಮಾರು 3,700 ಮೀಟರಿನಲ್ಲಿ. ಅಲ್ಲಿ ಒಬ್ಬರಿಗೆ ಆಮ್ಲಜನಕ ಸಾಲದೆ ಎತ್ತರದ ಕಾಯಿಲೆ ಹಿಡಿದು 'ಕೆಳಗಿಳಿಸಿ' ಎಂದರೆ ಮೊದಲು 380 ಮೀಟರ್ ಮೇಲೆ ಹತ್ತಿಸಿ ನಿಚ್ನಾಯಿ ಪಾಸ್ ದಾಟಿಸಬೇಕು. ಎತ್ತರದ ಕಾಯಿಲೆಗೆ ಇಳಿಯುವುದೇ ಮದ್ದು ಎಂದು ಎಲ್ಲರಿಗೂ ಗೊತ್ತು. ಇಳಿಯಲು ಹತ್ತಬೇಕಾದ ಜಾಗದಲ್ಲಿ ಮಲಗುತ್ತಿದ್ದೇವೆಂಬುದು ಹಾಳೆಯಲ್ಲಿ ಕಾಣುವುದಿಲ್ಲ.

ಮೊದಲ ಯೋಜನೆ

ತಂಡ ಹಾಕಿದ ಮೊದಲ ಹಾಳೆ ಇದು, ವರ್ಷ 2026. ಆಗಸ್ಟ್ 29ರ ಶನಿವಾರ ಬೆಳಗಿನ ವಿಮಾನ, ಅದೇ ಸಂಜೆ ಸೋನಮಾರ್ಗ. 30ಕ್ಕೆ ನಿಚ್ನಾಯಿ, 31ಕ್ಕೆ ವಿಷನ್‌ಸರ್, ಸೆಪ್ಟೆಂಬರ್ 1ಕ್ಕೆ ಗಡ್‌ಸರ್, 2ಕ್ಕೆ ಸತ್‌ಸರ್, 3ಕ್ಕೆ ಗಂಗಾಬಲ್, 4ಕ್ಕೆ ನಾರಾನಾಗ್ ಇಳಿದು ಶ್ರೀನಗರ. 5ರಂದು ದಾಲ್ ಸರೋವರದಲ್ಲಿ ಶಿಕಾರಾ ಮತ್ತು ಶಾಪಿಂಗ್, 6ರ ಭಾನುವಾರ ವಾಪಸ್. ಖರ್ಚಾಗುವ ರಜೆ ಐದೇ ದಿನ. ಕಚೇರಿಯವರು ಮೆಚ್ಚುವ ಹಾಳೆ.

ತಾರೀಖಿನ ಆಯ್ಕೆ ಮಾತ್ರ ಸರಿಯಾಗಿದೆ, ಅದೂ ಅರ್ಧ ಅದೃಷ್ಟ. ಅಮರನಾಥ ಯಾತ್ರೆಯ ಬಾಲ್ತಾಲ್ ದಾರಿ ಸೋನಮಾರ್ಗದ ಮೇಲೆಯೇ ಹೋಗುತ್ತದೆ. ಯಾತ್ರೆ ನಡೆಯುವಾಗ ಹೆದ್ದಾರಿಯಲ್ಲಿ ಗಾಡಿ ಬಿಡುವ ಹೊತ್ತಿಗೆ ಕಟ್ಟುನಿಟ್ಟು, ಕೋಣೆಗೆ ಪರದಾಟ. ಯಾತ್ರೆ ಸಾಮಾನ್ಯವಾಗಿ ನೂಲ ಹುಣ್ಣಿಮೆಗೆ ಮುಗಿಯುತ್ತದೆ. 2026ರಲ್ಲಿ ಅಧಿಕ ಜ್ಯೇಷ್ಠ ಬಂದದ್ದರಿಂದ ಆ ಹುಣ್ಣಿಮೆ ಆಗಸ್ಟ್ 28ಕ್ಕೆ ಹೋಗಿದೆ. ಗಣೇಶ ಚೌತಿ ಸೆಪ್ಟೆಂಬರ್ 14. ನಡುವೆ ಸಿಗುವ ಎರಡು ವಾರದಲ್ಲಿ ಪಾಸ್‌ಗಳ ಮೇಲೆ ಹಳೆಯ ಹಿಮ ಇರುವುದಿಲ್ಲ, ಹಳ್ಳಗಳು ಇಳಿದಿರುತ್ತವೆ. ಕಳೆದುಕೊಳ್ಳುವುದು ಹೂವನ್ನು: ಗಡ್‌ಸರ್ ಇಳಿಜಾರು ತುಂಬ ಹೂ ಬೇಕೆಂದರೆ ಜುಲೈ ಕೊನೆಯಿಂದ ಆಗಸ್ಟ್ ಮೊದಲ ವಾರದೊಳಗೆ ಹೋಗಬೇಕು. ರಾತ್ರಿ ಚಳಿಯೂ ಜಾಸ್ತಿ, ಸೊನ್ನೆ ಡಿಗ್ರಿಗೆ ಇಳಿದರೆ ಆಶ್ಚರ್ಯವಿಲ್ಲ.

ಉಳಿದದ್ದು ಕೆಟ್ಟ ಯೋಜನೆ. ಬೆಂಗಳೂರು 920 ಮೀಟರ್, ಸೋನಮಾರ್ಗ ಸುಮಾರು 2,700, ನಿಚ್ನಾಯಿ ಶಿಬಿರ 3,500, ವಿಷನ್‌ಸರ್ 3,700, ಗಡ್‌ಸರ್ ಪಾಸ್ 4,200. ಶನಿವಾರ ಬೆಳಿಗ್ಗೆ ಮನೆಯಲ್ಲಿ ಕಾಫಿ ಕುಡಿದವರು ಮಂಗಳವಾರ ಬೆಳಿಗ್ಗೆ 4,200ರಲ್ಲಿ ಇರುತ್ತಾರೆ: 72 ಗಂಟೆ. 3,000 ಮೀಟರ್ ದಾಟಿದ ಮೇಲೆ ಮಲಗುವ ಎತ್ತರವನ್ನು ದಿನಕ್ಕೆ 500 ಮೀಟರಿಗಿಂತ ಹೆಚ್ಚು ಏರಿಸಬಾರದು, ಮೂರ್ನಾಲ್ಕು ದಿನಕ್ಕೊಮ್ಮೆ ನಿಂತು ವಿಶ್ರಾಂತಿ ತೆಗೆದುಕೊಳ್ಳಬೇಕು ಎನ್ನುವುದು ಎತ್ತರದ ವೈದ್ಯರು ಒಪ್ಪಿಕೊಂಡ ಲೆಕ್ಕ. ಇಲ್ಲಿ ವಿಶ್ರಾಂತಿ ಇಲ್ಲವೇ ಇಲ್ಲ. ಇದ್ದ ಒಂದು ಬಿಡುವಿನ ದಿನವನ್ನು ಶ್ರೀನಗರದಲ್ಲಿ, ಚಾರಣ ಮುಗಿದ ಮೇಲೆ ಇಟ್ಟಿದ್ದಾರೆ. ಅಲ್ಲಿ ಅದು ಶಾಲು ಕೊಳ್ಳಲು ಬರುತ್ತದೆ, ಮಳೆಗೆ ಬರುವುದಿಲ್ಲ.

'ಕುಮಾರ ಪರ್ವತ ಹತ್ತಿದ್ದೇವಲ್ಲ' ಎಂಬ ಸಮಾಧಾನ ಇಂಥ ತಂಡಗಳಲ್ಲಿ ಬರುತ್ತದೆ. ಕುಕ್ಕೆಯಿಂದ 1,712 ಮೀಟರಿನ ಆ ತುದಿಗೆ ಹತ್ತಿ ಇಳಿದವರ ಕಾಲಿನ ಬಗ್ಗೆ ಚಿಂತೆ ಬೇಡ, ನಿಜ. ಈ ದಾರಿಯ ಯಾವ ದಿನವೂ ಅಷ್ಟು ಏರು ಕೇಳುವುದಿಲ್ಲ. ಆದರೆ ಅಲ್ಲಿ ಪರೀಕ್ಷೆಯಾಗುವುದು ಕಾಲು. ತೆಳು ಗಾಳಿಯ ಪರೀಕ್ಷೆಗೆ ಪಶ್ಚಿಮ ಘಟ್ಟದಲ್ಲಿ ಜಾಗವೇ ಇಲ್ಲ. ಗಟ್ಟಿಗರಿಗೇ ಇದರಲ್ಲಿ ಅಪಾಯ ಜಾಸ್ತಿ ಎಂದರೂ ತಪ್ಪಾಗದು, ಅವರು ಬೇಗ ಹತ್ತುತ್ತಾರೆ.

ತಿದ್ದಿದ ಯೋಜನೆ

ರಜೆಯನ್ನು ಐದರಿಂದ ಏಳಕ್ಕೆ ಏರಿಸಿದರೆ ಇಡೀ ಹಾಳೆಯ ಗುಣವೇ ಬದಲಾಗುತ್ತದೆ.

ಆಗಸ್ಟ್ 29, ಶನಿ: ಶ್ರೀನಗರದಲ್ಲಿ ಗ್ಯಾಸ್ ಡಬ್ಬಿ, ಲೈಟರ್ ಕೊಂಡು 80 ಕಿಮೀ ದೂರದ ಸೋನಮಾರ್ಗಕ್ಕೆ. ಗಗನ್‌ಗೀರ್ ಬಳಿಯ ಆರೂವರೆ ಕಿಲೋಮೀಟರಿನ ಸುರಂಗ 2025ರ ಜನವರಿಯಲ್ಲಿ ತೆರೆದ ಮೇಲೆ ಈ ರಸ್ತೆ ಹಗುರಾಗಿದೆ.
ಆಗಸ್ಟ್ 30, ಭಾನು: ಸೋನಮಾರ್ಗದಲ್ಲೇ. ಹಗಲು ಥಾಜಿವಾಸ್ ಹಿಮನದಿಯ ಕಡೆ ಹತ್ತಿ ಸಂಜೆ ಇಳಿದು ಮಲಗುವುದು.
ಆಗಸ್ಟ್ 31: ಶಿತ್ಕಡಿಯಿಂದ ನಿಚ್ನಾಯಿ.
ಸೆಪ್ಟೆಂಬರ್ 1: ನಿಚ್ನಾಯಿ ಪಾಸ್ ದಾಟಿ ವಿಷನ್‌ಸರ್.
ಸೆಪ್ಟೆಂಬರ್ 2: ವಿಷನ್‌ಸರ್‌ನಲ್ಲೇ. ಬೆಳಿಗ್ಗೆ ಕಿಷನ್‌ಸರ್ ತನಕ ಹೋಗಿ ಬರುವುದು.
ಸೆಪ್ಟೆಂಬರ್ 3: ಗಡ್‌ಸರ್ ಪಾಸ್, ಗಡ್‌ಸರ್ ಶಿಬಿರ.
ಸೆಪ್ಟೆಂಬರ್ 4: ಸತ್‌ಸರ್.
ಸೆಪ್ಟೆಂಬರ್ 5: ಝಾಜ್ ಪಾಸ್, ಗಂಗಾಬಲ್.
ಸೆಪ್ಟೆಂಬರ್ 6: ಮೀಸಲು ದಿನ.
ಸೆಪ್ಟೆಂಬರ್ 7: ನಾರಾನಾಗ್, ಶ್ರೀನಗರ.
ಸೆಪ್ಟೆಂಬರ್ 8, ಮಂಗಳ: ವಾಪಸ್.

ಇದೂ ದೋಷವಿಲ್ಲದ್ದಲ್ಲ. ಸೋನಮಾರ್ಗದಿಂದ ನಿಚ್ನಾಯಿಗೆ ಒಂದೇ ದಿನ 800 ಮೀಟರ್ ಏರು ಉಳಿದೇ ಇದೆ. ಇನ್ನೊಂದು ದಿನ ರಜೆ ಸಿಕ್ಕರೆ ಅದನ್ನು ಇಲ್ಲೇ ಸುರಿಯಬೇಕು: ನಡುದಾರಿಯ ಶೇಕ್‌ಡೂರ್ ಹುಲ್ಲುಗಾವಲಿನ ಹತ್ತಿರ ಡೇರೆ ಹಾಕಿ, ನಿಚ್ನಾಯಿಯನ್ನು ಮರುದಿನಕ್ಕೆ ಬಿಡುವುದು. ಸಿಗದಿದ್ದರೆ ಸೋನಮಾರ್ಗದ ಎರಡು ರಾತ್ರಿಗಳೇ ಆಧಾರ. ಎತ್ತರದ ಕಾಯಿಲೆ ತಡೆಯುವ ಡಯಮಾಕ್ಸ್ ಗುಳಿಗೆಯನ್ನು ಮುಂಜಾಗ್ರತೆಗೆ 125 ಮಿಲಿಗ್ರಾಂನಂತೆ ದಿನಕ್ಕೆರಡು, ಹತ್ತುವ ಹಿಂದಿನ ದಿನದಿಂದ ತೆಗೆದುಕೊಳ್ಳುವುದು ರೂಢಿ. ಸಲ್ಫಾ ಅಲರ್ಜಿ ಇದ್ದವರು, ಹಿರಿಯರ ಹಾಗೆ ಬಿಪಿ ಗುಳಿಗೆ ನುಂಗುವವರು (ಅದು ಮೂತ್ರ ಹೆಚ್ಚಿಸುವ ಬಗೆಯದಾಗಿದ್ದರಂತೂ) ವೈದ್ಯರನ್ನು ಕೇಳದೆ ಮುಟ್ಟಬಾರದು. ಬೆರಳ ತುದಿ ಜುಮ್ಮೆನ್ನುವುದು, ರಾತ್ರಿ ಎರಡು ಸಲ ಡೇರೆಯಿಂದ ಎದ್ದು ಹೋಗಬೇಕಾಗುವುದು ಅದರ ಸಹಜ ಪರಿಣಾಮ. ಮೊದಲ ಗುಳಿಗೆಯನ್ನು ಬೆಂಗಳೂರಲ್ಲಿ ಒಂದು ಭಾನುವಾರ ನುಂಗಿ ನೋಡಿರಬೇಕು, ಬೆಟ್ಟದಲ್ಲಲ್ಲ.

ಎರಡು ಬಾಗಿಲು

ಸೆಪ್ಟೆಂಬರ್ 2 ಮೀಸಲು ದಿನವಲ್ಲ. ಇದನ್ನು ಒತ್ತಿ ಹೇಳಬೇಕು, ಏಕೆಂದರೆ ತಂಡಗಳು ವಿಷನ್‌ಸರ್‌ನ ವಿಶ್ರಾಂತಿಯನ್ನು ಎರಡು ಸಲ ಎಣಿಸುತ್ತವೆ: ಎತ್ತರಕ್ಕೆ ಒಗ್ಗುವುದಕ್ಕೂ ಅದೇ, ಮಳೆ ಬಂದರೆ ನಷ್ಟ ತುಂಬುವುದಕ್ಕೂ ಅದೇ. ಮೊದಲ ದಿನವೇ ಮಳೆಯಿಂದ ತಡವಾದರೆ 'ವಿಷನ್‌ಸರ್‌ನಲ್ಲಿ ಒಂದು ದಿನ ಇದೆಯಲ್ಲ' ಎಂದು ಅದನ್ನು ನುಂಗುತ್ತಾರೆ, ಆಮೇಲೆ ಒಗ್ಗದ ಮೈಯನ್ನು ಹೊತ್ತು ಅತಿ ಎತ್ತರದ ಪಾಸ್‌ಗೆ ಹೊರಡುತ್ತಾರೆ. ಮೀಸಲು ಎಂದರೆ ಸೆಪ್ಟೆಂಬರ್ 6 ಒಂದೇ. ಹಾಳೆಯಲ್ಲಿ ಅದು ಕೊನೆಗೆ ಕೂತಿದ್ದರೂ ಖರ್ಚಾಗುವುದು ಎಲ್ಲಿ ಬೇಕೋ ಅಲ್ಲಿ. ಏನೂ ಆಗದಿದ್ದರೆ ಗಂಗಾಬಲ್ ದಡದಲ್ಲಿ ಒಂದು ಸೋಮಾರಿ ದಿನ.

ಈ ದಾರಿಗೆ ಹಿಂದಿರುಗುವ ಬಾಗಿಲು ಎರಡೇ, ಎರಡಕ್ಕೂ ಕೇಳುವ ಪ್ರಶ್ನೆ ಬೇರೆ.

ಮೊದಲನೆಯದು ನಿಚ್ನಾಯಿ ಶಿಬಿರ, ಸೆಪ್ಟೆಂಬರ್ 1ರ ಬೆಳಿಗ್ಗೆ. ಪ್ರಶ್ನೆ ಮೈಯದು. ಇಲ್ಲಿಂದ ಶಿತ್ಕಡಿಗೆ ಹಳ್ಳದ ಗುಂಟ ಇಳಿಜಾರು, ಅರ್ಧ ದಿನದಲ್ಲಿ ರಸ್ತೆ. ನಾಲ್ವರನ್ನೂ ಒಬ್ಬೊಬ್ಬರಾಗಿ ಕೇಳಬೇಕು: ತಲೆನೋವಿದೆಯೇ, ರಾತ್ರಿ ಊಟ ಸೇರಿತೇ, ವಾಂತಿ ಬಂದಂತಾಯಿತೇ, ನಿದ್ದೆ ಹೇಗೆ? ಬರೀ ತಲೆನೋವಿದ್ದು, ನೀರು ಕುಡಿದು ಒಂದು ಪ್ಯಾರಸಿಟಮಾಲ್ ನುಂಗಿ ಗಂಟೆಯೊಳಗೆ ಪೂರ್ತಿ ಹೋದರೆ ಮುಂದೆ ಹೆಜ್ಜೆ ಇಡಬಹುದು. ತಲೆನೋವಿನ ಜೊತೆ ಹೊಟ್ಟೆ ತೊಳಸುವುದೋ ವಿಪರೀತ ಸುಸ್ತೋ ಸೇರಿದ್ದರೆ ಅಂದು ಅಲ್ಲೇ ನಿಲ್ಲಬೇಕು; ಸಂಜೆಗೂ ಹೋಗದಿದ್ದರೆ ಇಳಿಯಬೇಕು. ಒಂದು ಗೆರೆಯ ಮೇಲೆ ಹಿಮ್ಮಡಿಗೆ ಹೆಬ್ಬೆರಳು ತಾಗಿಸಿ ಹತ್ತು ಹೆಜ್ಜೆ ನಡೆಸಿ ನೋಡಿ. ತೂರಾಡಿದರೆ ಮಿದುಳಿಗೆ ನೀರು ತುಂಬುತ್ತಿದೆ ಎಂದೇ ತಿಳಿಯಬೇಕು. ಸುಮ್ಮನೆ ಕೂತಾಗಲೂ ಏದುಸಿರು, ಒದ್ದೆ ಕೆಮ್ಮು ಇದ್ದರೆ ಶ್ವಾಸಕೋಶ. ಈ ಎರಡರಲ್ಲಿ ಯಾವುದಾದರೂ ಆ ಗಳಿಗೆಯೇ ಇಳಿಸಬೇಕು, ರಾತ್ರಿಯಾದರೂ ಸರಿ, ಇಬ್ಬರು ಜೊತೆಗೆ. ಈ ಪರೀಕ್ಷೆಯನ್ನು ವಿಷನ್‌ಸರ್‌ಗೆ ಮುಂದೂಡುವುದು ಈ ದಾರಿಯಲ್ಲಿ ಮಾಡಬಹುದಾದ ಅತಿ ದುಬಾರಿ ಉಳಿತಾಯ.

ಎರಡನೆಯ ಬಾಗಿಲು ವಿಷನ್‌ಸರ್, ಸೆಪ್ಟೆಂಬರ್ 3ರ ಬೆಳಿಗ್ಗೆ. ಇಲ್ಲಿ ಪ್ರಶ್ನೆ ಮುಗಿಲಿನದು. ಗಡ್‌ಸರ್ ಪಾಸ್ ಹತ್ತಲು ಹೊರೆ ಸಮೇತ ಮೂರರಿಂದ ನಾಲ್ಕು ಗಂಟೆ. 500 ಮೀಟರ್ ಏರು, ಹತ್ತು ಮಹಡಿಯ ಕಟ್ಟಡವನ್ನು ಹದಿನೇಳು ಸಲ ಹತ್ತಿದಂತೆ, ಅದೂ ಸಡಿಲ ಕಲ್ಲಿನ ಓರೆ ದಾರಿಯಲ್ಲಿ. ಮೋಡ ಕಟ್ಟಿ ಗುಡುಗುವುದು ಹೆಚ್ಚಾಗಿ ಮಧ್ಯಾಹ್ನದ ಮೇಲೆ. ಹಾಗಾಗಿ ಬೆಳಿಗ್ಗೆ ಆರಕ್ಕೆ ಹೊರಟು ಹತ್ತರೊಳಗೆ ಮೇಲಿರುವುದು ಕ್ರಮ. ಆರಕ್ಕೆ ಮಳೆ ಇದ್ದರೆ ಎಂಟರ ತನಕ ಕಾಯಿರಿ. ಎಂಟಕ್ಕೂ ಬಿಡದಿದ್ದರೆ ಬೂಟು ಬಿಚ್ಚಿ ಮಲಗಿ. ಹತ್ತಕ್ಕೆ ಬಿಸಿಲು ಬಂದರೂ ಹೊರಡಬೇಡಿ. ತಂಡ ಜಗಳವಾಡುವುದು ಈ ಹತ್ತು ಗಂಟೆಯ ಬಿಸಿಲಿನ ಮೇಲೆಯೇ, ಆದ್ದರಿಂದ ತೀರ್ಮಾನ ಬೆಂಗಳೂರಲ್ಲೇ ಬರೆದು ಇಟ್ಟಿರಬೇಕು.

ಲೆಕ್ಕ ಇಷ್ಟು. 3ನೇ ತಾರೀಖು ನಿಂತರೆ ಮೀಸಲು ದಿನ ಮುಗಿಯಿತು. 4ರ ಬೆಳಿಗ್ಗೆ ಹೊರಟರೆ 5ಕ್ಕೆ ಸತ್‌ಸರ್, 6ಕ್ಕೆ ಗಂಗಾಬಲ್, 7ಕ್ಕೆ ನಾರಾನಾಗ್. ವಿಮಾನ ಸಿಗುತ್ತದೆ, ಕೈಯಲ್ಲಿ ಏನೂ ಉಳಿದಿರುವುದಿಲ್ಲ. 4ಕ್ಕೂ ಮಳೆಯೇ? ಆಗ ಮುಂದಿನ ದಾರಿಯ ಆಸೆ ಬಿಟ್ಟು, ಮುಗಿಲು ತೆರವಾದ ಮೇಲೆ 5ಕ್ಕೆ ನಿಚ್ನಾಯಿ, 6ಕ್ಕೆ ಸೋನಮಾರ್ಗ. ಎರಡು ಸರೋವರ ನೋಡಿ ಬಂದಂತಾಯಿತು, ಅದೇನು ಕಡಿಮೆಯಲ್ಲ. ಗಡ್‌ಸರ್ ಪಾಸ್ ಇಳಿದ ಮೇಲೆ ಹಿಂದೆ ಹೋಗಬೇಕೆಂದರೂ 4,200, ಮುಂದೆ ಹೋಗಬೇಕೆಂದರೂ ಮತ್ತೊಂದು 4,050. ಅಲ್ಲಿ ತೀರ್ಮಾನಕ್ಕೆ ಜಾಗ ಉಳಿದಿಲ್ಲ.

ಹೊರೆ ಮತ್ತು ಕುದುರೆ

ಎಲ್ಲ ಹೊತ್ತು ನಡೆಯುವ ಆಸೆಯನ್ನು ತಕ್ಕಡಿಗೆ ಹಾಕಿ ನೋಡೋಣ. ಒಬ್ಬರ ಸ್ವಂತ ಸಾಮಾನು: ಚೀಲ 1.8 ಕೆಜಿ, ಸೊನ್ನೆಗಿಂತ ಐದು ಡಿಗ್ರಿ ಕೆಳಗಿನ ತನಕ ತಡೆಯುವ ಸ್ಲೀಪಿಂಗ್ ಬ್ಯಾಗ್ 1.4, ಚಾಪೆ 0.5, ಇಬ್ಬರ ಡೇರೆಯಲ್ಲಿ ಅರ್ಧ ಪಾಲು 1.2, ಬಟ್ಟೆ 2.5, ಮಳೆ ಅಂಗಿ-ಪ್ಯಾಂಟು 0.7, ನೀರು 1.5, ದಾರಿಯ ತಿಂಡಿ 0.8, ಟಾರ್ಚು, ಪವರ್ ಬ್ಯಾಂಕು, ಔಷಧಿ 0.8. ಒಟ್ಟು 11.2 ಕೆಜಿ. ಇದರ ಮೇಲೆ ಎಂಟು ದಿನದ ಊಟ ತಲಾ ದಿನಕ್ಕೆ 700 ಗ್ರಾಂನಂತೆ ನಾಲ್ವರಿಗೆ 22.4, ಒಂದು ದಿನದ ತುರ್ತು ತಿನಿಸು 1.6, ಗ್ಯಾಸು, ಒಲೆ, ಪಾತ್ರೆ ಸುಮಾರು 4: ಒಟ್ಟು 28 ಕೆಜಿ, ತಲಾ 7. ಬೆನ್ನ ಮೇಲೆ 18.2 ಕೆಜಿ. 52 ಕೆಜಿಯ ಹುಡುಗಿಗೆ ಅದು ಮೈತೂಕದ ಶೇ 35. ದಿನವಿಡೀ ಎತ್ತರದಲ್ಲಿ ನಡೆಯುವವರಿಗೆ ಶೇ 20ರಿಂದ 25 ಮಿತಿ. ಗಟ್ಟಿ ಕಾಲಿನ ಅವಳೇ ಮೂರನೇ ದಿನ ಹಿಂದುಳಿಯುತ್ತಾಳೆ, ಕಾರಣ ಅವಳ ಕಾಲಲ್ಲ, ತಂಡದ ಸಮಪಾಲು.

ಪರಿಹಾರ ಒಂದು ಕುದುರೆ. ಆ 28 ಕೆಜಿ ಅದಕ್ಕೆ ಹಗುರ. ಕುದುರೆಯವರ ಊಟ, ಅವರ ಡೇರೆ, ಅವರ ಹೊದಿಕೆ ಯಾರದು ಎಂದು ಸೋನಮಾರ್ಗದಲ್ಲೇ ಮಾತಾಡಿ ಮುಗಿಸಿ. ಇದನ್ನು ಮರೆತ ತಂಡದ ಅಕ್ಕಿ ಐದನೇ ದಿನಕ್ಕೆ ಖಾಲಿ, ಮತ್ತು ತಪ್ಪು ಕುದುರೆಯವರದಲ್ಲ. ನೋಂದಾಯಿತ ಸ್ಥಳೀಯ ಮಾರ್ಗದರ್ಶಿ ಒಬ್ಬರು ಜೊತೆಗಿದ್ದರೆ ಈ ಮಾತುಕತೆಯೂ ಸಲೀಸು, ತಪಾಸಣೆಯೂ ಸಲೀಸು.

ಕುದುರೆ ಬಂದ ಕೂಡಲೇ ಹೊಸ ತಪ್ಪು ಹುಟ್ಟುತ್ತದೆ: ಸ್ಲೀಪಿಂಗ್ ಬ್ಯಾಗ್, ಡೇರೆ, ದಪ್ಪ ಜಾಕೆಟ್ಟು ಎಲ್ಲವನ್ನೂ ಅದರ ಮೇಲೇರಿಸಿ ನೀರಿನ ಬಾಟಲಿ ಹಿಡಿದು ಹೊರಡುವುದು. ಕುದುರೆ ನಿಮ್ಮ ಹೆಜ್ಜೆಗೆ ನಡೆಯುವುದಿಲ್ಲ. ಅದು ಮುಂದೆ ಹೋಗಿಬಿಡುತ್ತದೆ, ಅಥವಾ ಮಳೆಗೆ ಪಾಸ್‌ನ ಆಚೆಯೇ ನಿಲ್ಲುತ್ತದೆ. ಆ ರಾತ್ರಿ ನಿಮ್ಮ ಬೆನ್ನಲ್ಲಿರುವುದೇ ನಿಮ್ಮ ಮನೆ. 2024ರ ಜೂನ್‌ನಲ್ಲಿ ಉತ್ತರಾಖಂಡದ ಸಹಸ್ರತಾಲ್ ಸರೋವರಕ್ಕೆ ಹೋದ, ಬಹುಪಾಲು ಕರ್ನಾಟಕದವರೇ ಇದ್ದ 22 ಮಂದಿಯ ತಂಡ ಹಿಮಗಾಳಿಗೆ ಸಿಕ್ಕಿ ಒಂಬತ್ತು ಜನ ಸತ್ತರು. ನಾಲ್ಕು ಸಾವಿರ ಮೀಟರ್ ಮೇಲೆ ಗಾಳಿ, ಒದ್ದೆ, ಕತ್ತಲು ಒಟ್ಟಿಗೆ ಬಂದರೆ ಮನುಷ್ಯನಿಗೆ ಸಿಗುವ ಹೊತ್ತು ಬಹಳ ಕಡಿಮೆ. ಹಾಗಾಗಿ ಆ 11.2 ಕೆಜಿ ಬೆನ್ನಿನಿಂದ ಇಳಿಯಬಾರದು.

ಒದ್ದೆಯ ವಿಚಾರಕ್ಕೆ: ಚೀಲದ ಮೇಲಿನ ಮಳೆಹೊದಿಕೆ ಬೆನ್ನಿನ ಕಡೆಯಿಂದ ಸೋರುವ ನೀರನ್ನು ತಡೆಯುವುದಿಲ್ಲ. ಯೂರಿಯಾ ಮೂಟೆಯ ಒಳಗಿರುತ್ತದಲ್ಲ, ಆ ಬಗೆಯ ದಪ್ಪ ಪ್ಲಾಸ್ಟಿಕ್ ಚೀಲದ ಹೊಸದೊಂದನ್ನು ಬ್ಯಾಗಿನ ಒಳಗಿಟ್ಟು, ಸ್ಲೀಪಿಂಗ್ ಬ್ಯಾಗು ಮತ್ತು ಮಲಗುವ ಬಟ್ಟೆ ಅದರಲ್ಲಿ ತುಂಬಿ ಬಾಯಿ ತಿರುಚಿ ಮಡಚಿದರೆ ದುಬಾರಿ ಚೀಲಕ್ಕಿಂತ ವಾಸಿ. ಪೊಂಚೊ ಪಾಸ್‌ನ ಗಾಳಿಗೆ ತಲೆಯ ಮೇಲೆ ಹಾರುತ್ತದೆ. ಮಳೆ ಅಂಗಿ, ಮಳೆ ಪ್ಯಾಂಟೇ ಬೇಕು. ಜೀನ್ಸ್, ಹತ್ತಿ ಬನಿಯನ್ ಮನೆಯಲ್ಲಿರಲಿ.

ಒಲೆ, ನೀರು, ಗೊಜ್ಜವಲಕ್ಕಿ

3,700 ಮೀಟರಿನಲ್ಲಿ ನೀರು ಸುಮಾರು 88 ಡಿಗ್ರಿಗೇ ಕುದಿಯುತ್ತದೆ. ತೊಗರಿಬೇಳೆ ಆ ಬಿಸಿಗೆ ಬೇಯುವುದಿಲ್ಲ, ಅನ್ನ ಹೊರಗೆ ಮೆತ್ತಗಾಗಿ ಒಳಗೆ ಕಾಳು ಉಳಿಯುತ್ತದೆ. ಕುಕ್ಕರ್ ಒಯ್ದರೆ ಬೇಯುತ್ತದೆ, ಗ್ಯಾಸು ತಿನ್ನುತ್ತದೆ. 230 ಗ್ರಾಂ ಡಬ್ಬಿ ಪೂರ್ತಿ ಉರಿಯಲ್ಲಿ ಸುಮಾರು 75 ನಿಮಿಷ. ಅನ್ನಕ್ಕೆ 25, ಬೇಳೆಗೆ 25 ನಿಮಿಷ ಎಂದರೆ ರಾತ್ರಿಯೂಟ ಒಂದಕ್ಕೇ ಡಬ್ಬಿಯ ಮೂರರಲ್ಲೆರಡು ಪಾಲು, ಏಳು ರಾತ್ರಿಗೆ ಐದು ಡಬ್ಬಿ. ಬೆಳಗಿನ ಚಹಾ ಇನ್ನೂ ಲೆಕ್ಕಕ್ಕೇ ಬಂದಿಲ್ಲ.

ನಮ್ಮ ಅಡುಗೆಮನೆಯಲ್ಲೇ ಬೇಯಿಸದ ಊಟ ಇರುವಾಗ ಈ ಗೋಳೇಕೆ? ಗೊಜ್ಜವಲಕ್ಕಿಯ ಒಂದು ಪೊಟ್ಟಣ ಹೀಗೆ: ಮಧ್ಯಮ ಅವಲಕ್ಕಿ 100 ಗ್ರಾಂ ಮಿಕ್ಸಿಯಲ್ಲಿ ಒಂದು ಸುತ್ತು ತಿರುಗಿಸಿ ರವೆಯಷ್ಟು ತರಿ ಮಾಡಿದ್ದು, ಪುಳಿಯೋಗರೆ ಪುಡಿ 15 ಗ್ರಾಂ, ಬೆಲ್ಲದ ಪುಡಿ ಒಂದು ಚಮಚ, ಹುರಿದ ಶೇಂಗಾ 20 ಗ್ರಾಂ, ಸಾಸಿವೆ-ಕರಿಬೇವು-ಇಂಗಿನ ಒಗ್ಗರಣೆ ಹಾಕಿ ಆರಿಸಿದ ಎಣ್ಣೆ 15 ಗ್ರಾಂ. ಎಣ್ಣೆಯನ್ನು ಮನೆಯಲ್ಲೇ ಅವಲಕ್ಕಿಗೆ ಉಜ್ಜಿ ಬೆರೆಸಿ ಜಿಪ್ ಕವರಿಗೆ ಹಾಕಿ. ಶಿಬಿರದಲ್ಲಿ ಒಂದೂವರೆ ಲೋಟ ಬಿಸಿ ನೀರು ಸುರಿದು ಕವರಿನ ಬಾಯಿ ಮುಚ್ಚಿ, ಟೋಪಿಯೊಳಗೆ ಹತ್ತು ನಿಮಿಷ ಸುತ್ತಿಡಿ. 600 ಕ್ಯಾಲರಿ ಮೀರಿದ ಊಟ, ತೊಳೆಯಲು ಚಮಚ ಮಾತ್ರ. ಎತ್ತರದಲ್ಲಿ ನಾಲಿಗೆ ಸಪ್ಪೆಯಾಗಿ ಊಟವೇ ಬೇಡವೆನಿಸುವ ಹೊತ್ತಿಗೆ ಹುಳಿ-ಖಾರ ಇಳಿಯುತ್ತದೆ, ಸಿಹಿ ಓಟ್ಸ್ ಇಳಿಯುವುದಿಲ್ಲ. ಬೆಳಿಗ್ಗೆಗೆ ರಾಗಿ ಹುರಿಹಿಟ್ಟು, ಹಾಲಿನ ಪುಡಿ, ಬೆಲ್ಲ. ಒಂದು ಸಂಜೆಗೆ ಹುರಿದ ಶಾವಿಗೆ. ದಾರಿಗೆ ಶೇಂಗಾ ಚಿಕ್ಕಿ, ಹುರಿಗಡಲೆ, ಒಣದ್ರಾಕ್ಷಿ. ತುಪ್ಪ ಮರೆಯಬೇಡಿ, ತೂಕಕ್ಕೆ ಅದರಷ್ಟು ಶಕ್ತಿ ಕೊಡುವುದು ಎಣ್ಣೆ ಬಿಟ್ಟರೆ ಇನ್ನೊಂದಿಲ್ಲ. ಹೀಗೆ 700 ಗ್ರಾಂನಲ್ಲಿ ಸುಮಾರು 2,900 ಕ್ಯಾಲರಿ ಕೂಡಿಸಬಹುದು.

ಇನ್ನು ಗ್ಯಾಸು ಬರೀ ನೀರು ಕಾಯಿಸಲು. ತಲಾ ದಿನಕ್ಕೆ ಎರಡು ಲೀಟರ್, ನಾಲ್ವರಿಗೆ ಎಂಟು, ಎಂಟು ದಿನಕ್ಕೆ 64 ಲೀಟರ್. ಗಾಳಿ-ಚಳಿಯಲ್ಲಿ ಡಬ್ಬಿಗೆ ಹತ್ತು ಲೀಟರ್ ಎಂದು ಹಿಡಿದರೆ ಏಳು ಡಬ್ಬಿ. ವಿಮಾನದಲ್ಲಿ ಒಯ್ಯುವಂತಿಲ್ಲವಾದ್ದರಿಂದ ಶ್ರೀನಗರದ ಅಂಗಡಿಗೆ ವಾರ ಮೊದಲೇ ಫೋನ್ ಮಾಡಿ, ತಿರುಪಿನ ಡಬ್ಬಿಯೋ ಉದ್ದನೆಯ ಕೊಳವೆ ಡಬ್ಬಿಯೋ ಕೇಳಿ. ಒಲೆ ಒಂದು ಬಗೆ, ಡಬ್ಬಿ ಇನ್ನೊಂದು ಬಗೆ ಆಗಿ ಮೊದಲ ಸಂಜೆಯೇ ಕೈಕಟ್ಟಿ ಕೂರುವುದುಂಟು. ಎರಡಕ್ಕೂ ಹೊಂದುವ ಅಡಾಪ್ಟರ್ ನೂರು ಗ್ರಾಂ ಕೂಡ ಇಲ್ಲ. ರಾತ್ರಿ ಡಬ್ಬಿಯೊಂದನ್ನು ಸ್ಲೀಪಿಂಗ್ ಬ್ಯಾಗಿನ ಕಾಲ ಬಳಿ ಇಟ್ಟುಕೊಳ್ಳಿ, ತಣ್ಣಗಾದ ಬ್ಯೂಟೇನ್ ಬೆಳಿಗ್ಗೆ ಉರಿಯಲು ಒಲ್ಲೆ ಎನ್ನುತ್ತದೆ. ಡೇರೆಯ ಒಳಗೆ ಒಲೆ ಹಚ್ಚಬೇಡಿ, ವಿಷಗಾಳಿಗೆ ವಾಸನೆಯಿಲ್ಲ.

ನೀರು ಎಲ್ಲೆಲ್ಲೂ ಇದೆ, ಕನ್ನಡಿಯಂತಿದೆ. ಆದರೆ ಮೇಲಿನ ಹುಲ್ಲುಗಾವಲಿನಲ್ಲಿ ಅಲೆಮಾರಿ ಕುರಿಗಾಹಿಗಳಾದ ಬಕರ್‌ವಾಲರ ಕುರಿಮಂದೆ ಬೇಸಿಗೆಯೆಲ್ಲ ಮೇಯುತ್ತದೆ. ಕಾಯಿಸಿ, ಅಥವಾ ಕ್ಲೋರಿನ್ ಗುಳಿಗೆ ಹಾಕಿ ಅರ್ಧ ಗಂಟೆ ಬಿಡಿ. ಕೊಳವೆ ಎಳೆಗಳ ಫಿಲ್ಟರ್ ಒಯ್ದರೆ ಅದೂ ರಾತ್ರಿ ಮೈಬಿಸಿಯಲ್ಲೇ ಮಲಗಬೇಕು. ಒಮ್ಮೆ ಹೆಪ್ಪುಗಟ್ಟಿದರೆ ಒಳಗಿನ ಎಳೆ ಸೀಳಿ ಕೊಳಕು ನೀರನ್ನೇ ಬಿಡುತ್ತದೆ, ಹೊರಗಿನಿಂದ ಗೊತ್ತೂ ಆಗುವುದಿಲ್ಲ. ಮಂದೆಯ ನಾಯಿಗಳ ಹತ್ತಿರ ಕತ್ತಲಾದ ಮೇಲೆ ಸುಳಿಯಬೇಡಿ.

ಕಾಗದ, ಫೋನು

2025ರ ಏಪ್ರಿಲ್‌ನಲ್ಲಿ ಪಹಲ್ಗಾಮ್ ದಾಳಿಯಾದ ಮೇಲೆ ಕಾಶ್ಮೀರದ ಹಲವು ಪ್ರವಾಸಿ ತಾಣಗಳನ್ನು ಮುಚ್ಚಿ, ಕೆಲವನ್ನು ಹಂತಹಂತವಾಗಿ ತೆರೆದರು. ದಾರಿ ತೆರೆದಿದೆ, ಅನುಮತಿ ಸಿಗುತ್ತದೆ ಎಂದು ಖಚಿತವಾಗುವ ತನಕ ಹಣ ವಾಪಸ್ ಬಾರದ ಟಿಕೆಟ್ ಕೊಳ್ಳಬೇಡಿ. ದಾರಿಯುದ್ದಕ್ಕೂ ಸೇನೆಯ ತಪಾಸಣೆ ಇದೆ. ಅಸಲಿ ಆಧಾರ್ ಜೊತೆ ತಲಾ ನಾಲ್ಕೈದು ಜೆರಾಕ್ಸ್ ಪ್ಲಾಸ್ಟಿಕ್ ಕವರಿನಲ್ಲಿರಲಿ. ಡ್ರೋನ್ ಮನೆಯಲ್ಲಿರಲಿ. ಉಪಗ್ರಹದ ಮೂಲಕ ಸಂದೇಶ ಕಳಿಸುವ ಸಾಧನ ವಿದೇಶದಿಂದ ಬಂದ ಅಣ್ಣನ ಬಳಿ ಇದ್ದರೆ ಅದೂ ಮನೆಯಲ್ಲೇ. ಪರವಾನಗಿ ಇಲ್ಲದೆ ಭಾರತದಲ್ಲಿ ಅದನ್ನು ಇಟ್ಟುಕೊಳ್ಳುವುದೇ ಅಪರಾಧ. ಕರ್ನಾಟಕದ ಪ್ರೀಪೇಯ್ಡ್ ಸಿಮ್ ಜಮ್ಮು-ಕಾಶ್ಮೀರದಲ್ಲಿ ಸತ್ತಂತೆ, ನಾಲ್ವರಲ್ಲಿ ಇಬ್ಬರಿಗಾದರೂ ಪೋಸ್ಟ್‌ಪೇಯ್ಡ್ ಬೇಕು. ಅದೂ ಸೋನಮಾರ್ಗ ಬಿಟ್ಟ ಮೇಲೆ ಅಲಾರಂಗೆ ಮಾತ್ರ.

ಪಾಸ್ ದಾಟಿದ ಮೇಲೆ

ಗಡ್‌ಸರ್ ಪಾಸ್‌ನ ಆಚೆ ಇಳಿಜಾರು ಒದ್ದೆಯಾದರೆ ಸಾಬೂನು. ಕೋಲು ಉದ್ದ ಮಾಡಿ, ಮಂಡಿ ಸಡಿಲ ಬಿಟ್ಟು, ಒಬ್ಬರ ನೇರ ಕೆಳಗೆ ಇನ್ನೊಬ್ಬರು ಬಾರದಂತೆ ಇಳಿಯಬೇಕು, ಕಲ್ಲು ಉರುಳುತ್ತದೆ. ಜುಲೈನಲ್ಲಿ ಹೋಗುವವರಿಗೆ ಹಳ್ಳಗಳ ಮೇಲೆ ಹಿಮದ ಸೇತುವೆ ಸಿಗುತ್ತದೆ; ಅದನ್ನು ಬೆಳಿಗ್ಗೆಯೇ ದಾಟಬೇಕು, ಮಧ್ಯಾಹ್ನಕ್ಕೆ ಕೆಳಗಿನ ನೀರು ಅದನ್ನು ಟೊಳ್ಳು ಮಾಡಿರುತ್ತದೆ. ಸೆಪ್ಟೆಂಬರ್ ತಂಡಕ್ಕೆ ಆ ಚಿಂತೆ ಇಲ್ಲ, ನೀರಿಗಿಳಿದೇ ದಾಟುವುದು. ಚಪ್ಪಲಿ ಹಾಕಿ, ಚೀಲದ ಸೊಂಟಪಟ್ಟಿ ಬಿಚ್ಚಿ. ಜಾರಿದರೆ ಚೀಲ ಕಳಚಬೇಕು, ಎಳೆದುಕೊಂಡು ಹೋಗಬಾರದು.

ಸತ್‌ಸರ್‌ನಿಂದ ಝಾಜ್ ಪಾಸ್ ನಡುವೆ ಬಂಡೆರಾಶಿ ಬರುತ್ತದೆ. ಅಲ್ಲಿ ಕೋಲು ಮಡಚಿ ಕಟ್ಟಿ ಕೈ ಖಾಲಿ ಇಟ್ಟುಕೊಳ್ಳಿ. ಬಂಡೆಯ ನಡುವಿನ ಸಂದಿಗೆ ಕಾಲಿಡದೆ ಬಂಡೆಯ ಮೇಲೇ ಇಡಿ, ಇಡುವ ಮುಂಚೆ ತುದಿಗಾಲಿಂದ ಒತ್ತಿ ಅಲ್ಲಾಡುತ್ತದೆಯೇ ನೋಡಿ. ಕಪ್ಪು ಪಾಚಿ ಇರುವ ಕಲ್ಲು ಮಳೆಯಲ್ಲಿ ಗಾಜು. ಕುದುರೆ ಇಲ್ಲಿ ಬೇರೆ ಸುತ್ತುದಾರಿ ಹಿಡಿಯುತ್ತದೆ, ಸೇರುವ ಜಾಗವನ್ನು ಮೊದಲೇ ಹೇಳಿಕೊಂಡಿರಿ.

ಕೊನೆಯ ದಿನ ಸುಲಭವೆಂದು ಬರೆದುಕೊಂಡವರೇ ಕುಂಟುತ್ತಾ ಬರುತ್ತಾರೆ. ಗಂಗಾಬಲ್‌ನ 3,500ರಿಂದ ನಾರಾನಾಗ್‌ನ 2,270ಕ್ಕೆ ಒಂದೇ ಇಳಿತ, ಕೊನೆಯ ಭಾಗ ಪೈನ್ ಕಾಡಿನ ಕಡಿದಾದ ಜಾರು. ಹಿಂದಿನ ರಾತ್ರಿಯೇ ಕಾಲ ಉಗುರು ಕತ್ತರಿಸಿ, ಬೆಳಿಗ್ಗೆ ಬೂಟಿನ ಮೇಲಿನ ದಾರ ಬಿಗಿ ಮಾಡಿ. ಪಾದ ಮುಂದೆ ಜಾರಿದರೆ ಹೆಬ್ಬೆರಳುಗುರು ಕಪ್ಪಾಗುತ್ತದೆ. ಕೆಳಗೆ ಕಾಶ್ಮೀರದ ದೊರೆ ಲಲಿತಾದಿತ್ಯನ ಕಾಲದ್ದೆನ್ನುವ 8ನೇ ಶತಮಾನದ ಹಾಳುದೇಗುಲಗಳಿವೆ. ಕಾಲು ಚಾಚಿ ಕೂರಲು ಅದಕ್ಕಿಂತ ಒಳ್ಳೆಯ ಜಾಗ ಆ ಕಣಿವೆಯಲ್ಲಿಲ್ಲ.

ಬೆಂಗಳೂರಲ್ಲಿ ಉಳಿಯುವ ಒಬ್ಬರ ಕೈಗೆ ಈ ಹಾಳೆಯ ಒಂದು ಪ್ರತಿ ಕೊಡಬೇಕು. ಅದರಲ್ಲಿ ನಾಲ್ವರ ರಕ್ತದ ಗುಂಪು, ಕುದುರೆಯವರ ಹೆಸರು ಮತ್ತು ಊರು, ಸೋನಮಾರ್ಗದ ಪೊಲೀಸ್ ಠಾಣೆಯ ನಂಬರು, ಎರಡು ತಾರೀಖು ಇರಲಿ. 6ರ ಸಂಜೆ ಸೋನಮಾರ್ಗದಿಂದ ಫೋನ್ ಬಂದರೆ ತಂಡ ವಿಷನ್‌ಸರ್‌ನಿಂದ ಹಿಂದಿರುಗಿದೆ ಎಂದು ತಿಳಿಯುವುದು. ಬಾರದಿದ್ದರೆ ಮುಂದೆ ಹೋಗಿದ್ದಾರೆ, ಗಾಬರಿ ಬೇಡ. 7ರ ರಾತ್ರಿ ಒಂಬತ್ತರ ತನಕ ನಾರಾನಾಗ್‌ನ ಕೆಳಗಿನ ಊರು ಕಂಗನ್ ಕಡೆಯಿಂದಲೂ ಫೋನ್ ಬಾರದಿದ್ದರೆ ಠಾಣೆಗೆ ಕರೆ ಮಾಡುವುದು, ಬೆಳಗಾಗಲಿ ಎಂದು ಕಾಯುವುದಲ್ಲ.